ಬರಿಹೊಟ್ಟೆಯೆಂದು ಹೇಳಿದ ಸುಳ್ಳು

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಹುಬ್ಬಳ್ಳಿಗೆ ಸ್ಕ್ಯಾನಿಂಗ್ ಯಂತ್ರಗಳು ಒಂದರ ಹಿಂದೊಂದು ಬಂದಾಗ, ಅವುಗಳ ವಿಷಯದಲ್ಲಿ ತನಗೇನೂ ತಿಳಿಯದೆಂದು ಒಪ್ಪಿಕೊಂಡ ಒಬ್ಬನೇ ಒಬ್ಬ ಮನುಷ್ಯ ನನಗೆ ಸಿಗಲಿಲ್ಲ. ರಾಯಾಪುರದ ನಮ್ಮ ಓಣಿಯಲ್ಲಂತೂ ಮನೆಗೊಬ್ಬ ತಜ್ಞನಿದ್ದ. ಹಿಟ್ಟಿನ ಗಿರಣಿಯ ಯಜಮಾನರ ಪ್ರಕಾರ ಅದು ಹೊಟ್ಟೆಯೊಳಗೆ ಬೆಳಕು ಹಾಯಿಸುವ ಯಂತ್ರ. ಎರಡು ಸಲ ಮಾಡಿಸಿಕೊಂಡರೆ ಕರುಳು ಕಪ್ಪಾಗುವುದು ನಿಶ್ಚಿತ. ಎದುರುಮನೆಯ ನಿವೃತ್ತ ಮಾಸ್ತರರ ಪ್ರಕಾರ ಅದು ಎಕ್ಸ್‌ರೇಯ ಖಾಸಾ ತಮ್ಮ, ಅಣ್ಣನಿಗಿಂತ ಅಪಾಯಕಾರಿ. ಹೊಟ್ಟೆಗೆ ಸವರುವ ತಣ್ಣನೆಯ ಅಂಟು ಪದಾರ್ಥ ಅರಿವಳಿಕೆಯ ಔಷಧವೆಂದೂ, ಅದರ ಅಮಲು ಇಳಿಯುವ ತನಕ ಒಬ್ಬರೇ ರಸ್ತೆ ದಾಟಬಾರದೆಂದೂ ಇನ್ನೊಂದು ವರದಿ ಚಾಲ್ತಿಯಲ್ಲಿತ್ತು. ಆ ವರದಿಯನ್ನು ಹಬ್ಬಿಸಿದವರು ಸ್ಕ್ಯಾನಿಂಗ್ ಮಾಡಿಸಿಕೊಂಡ ಅರ್ಧ ತಾಸಿನಲ್ಲಿ ಸೀರೆ ಅಂಗಡಿಗೆ ಹೋಗಿ ಬಂದಿದ್ದರೆಂಬುದು ಬೇರೆ ಮಾತು.

ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ತಾರಿಹಾಳದ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇಥ್ ಯಂತ್ರದ ಮುಂದೆ ನಿಂತು ಹೊಟ್ಟೆ ಹೊರೆದೆ. ಉಳಿದ ವಿದ್ಯೆಯನ್ನು ಹಳೆಯ ಪುಸ್ತಕ, ಒಂದು ಇಂಗ್ಲಿಷ್-ಕನ್ನಡ ನಿಘಂಟು ಮತ್ತು ಹಟ ಈ ಮೂರರಿಂದ ಸಂಪಾದಿಸಿದೆ. ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬಾರದೆಂಬುದು ನನ್ನ ನಿಯಮ. ಸ್ಕ್ಯಾನಿಂಗಿನ ವಿಷಯದಲ್ಲಿ ನನಗೆ ಇನ್ನೊಂದು ಅನುಕೂಲವೂ ಇತ್ತು. ನಮ್ಮ ಕಾರ್ಖಾನೆಯ ದಪ್ಪ ಶಾಫ್ಟುಗಳನ್ನು, ಅಂದರೆ ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡಗಳನ್ನು, ಪರೀಕ್ಷಿಸಲು ಆಗಾಗ ಒಬ್ಬ ಪರೀಕ್ಷಕರು ಪೆಟ್ಟಿಗೆಯಂಥ ಯಂತ್ರವೊಂದನ್ನು ತರುತ್ತಿದ್ದರು. ಶಾಫ್ಟಿನ ತುದಿಗೆ ಗ್ರೀಸ್ ಸವರಿ, ಅದರ ಮೇಲೆ ಗುಂಡಿಯಂಥ ಸಾಧನ ಒತ್ತಿ ಹಿಡಿಯುವರು. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದ ಲೋಹದೊಳಗೆ ಹೋಗಿ, ಒಳಗೆಲ್ಲಾದರೂ ಬಿರುಕಿದ್ದರೆ ಅಲ್ಲಿಂದಲೇ ಹೊರಳಿ ಬರುವುದು. ಪರದೆಯ ಮೇಲೆ ಗೆರೆಯೊಂದು ಏಳುವುದು. ಗ್ರೀಸ್ ಯಾಕೆಂದು ಕೇಳಿದ್ದೆ. ನಡುವೆ ಎಳ್ಳಷ್ಟು ಗಾಳಿ ಉಳಿದರೂ ಶಬ್ದ ಒಳಗೆ ಹೋಗುವುದಿಲ್ಲ ಎಂದಿದ್ದರು.

ಆಸ್ಪತ್ರೆಯ ಯಂತ್ರವೂ ಅದೇ ಕುಲದ್ದೆಂದು ಓದಿ ತಿಳಿದ ದಿನದಿಂದ ನಾನು ಓಣಿಯ ಅಜ್ಞಾನ ನಿವಾರಣೆಗೆ ನಿಂತೆ. ಅಲ್ಲಿ ಬೆಳಕಿಲ್ಲ, ಎಕ್ಸ್‌ರೇಯ ಕಿರಣವಿಲ್ಲ, ಬರೀ ಶಬ್ದವಿದೆ. ಕರುಳು ಸುಡುವುದಿಲ್ಲ, ಚುಚ್ಚುವುದಿಲ್ಲ, ನೋಯುವುದಿಲ್ಲ. ಆ ಅಂಟು ನಮ್ಮ ಗ್ರೀಸಿನ ಕೆಲಸ ಮಾಡುತ್ತದೆ, ಒರೆಸಿದರೆ ಹೋಗುತ್ತದೆ ಎಂದು ಕಟ್ಟೆಯ ಮೇಲೆ ಕೂತು ವಿವರಿಸಿದೆ.

ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಶಬ್ದ ಅಂತೀರಿ. ನಾ ಹೋದ ತಿಂಗಳ ಮಾಡಿಸೇನಿ. ನನಗ ಒಂದರೆ ಶಬ್ದ ಕೇಳಸಬೇಕಿತ್ತಲ್ಲ?"

ಒಳಗಿನಿಂದ ಅವರ ಹೆಂಡತಿ ಕೂಗಿದರು: "ನಾ ಚಾ ಕುಡ್ಯಾಕ ಬರ್ರಿ ಅಂತ ಮೂರ ಸರ್ತಿ ಕರದೆ. ಅದೂ ಕೇಳಸಿಲ್ಲ ನಿಮಗ. ಹಂಗಂತ ನಾ ಕರದಿಲ್ಲೇನು?"

ಓಣಿಯಲ್ಲಿ ನನ್ನ ಪರವಾಗಿ ಬಂದ ಏಕೈಕ ಸಾಕ್ಷ್ಯ ಅದು.

ಅಲ್ಲಿಯವರೆಗೆ ನಾನು ಹೇಳಿದ್ದು ಸರಿಯಾಗಿತ್ತು, ಇಂದಿಗೂ ಸರಿ. ಮುಂದಿನ ಸಂಗತಿಯಲ್ಲಿ ನನ್ನ ನಡತೆ ಹೊಗಳಿಕೆಗೆ ಯೋಗ್ಯವಾದದ್ದಲ್ಲವಾದ್ದರಿಂದ ಸರಿಯಿದ್ದ ಭಾಗವನ್ನು ಮೊದಲೇ ಬರೆದಿಟ್ಟಿದ್ದೇನೆ.

ನನ್ನ ಹೆಂಡತಿಗೆ ಆ ವರ್ಷ ಎದೆಗೂಡಿನ ಕೆಳಗೆ, ನಡುವಿನಿಂದ ತುಸು ಬಲಕ್ಕೆ, ಉಂಡ ಮೇಲೆ ನೋವು ಶುರುವಾಯಿತು. ಮೊದಲು ಅಜಿವಾನ, ಆಮೇಲೆ ಸೋಡಾ, ಆಮೇಲೆ ಓಣಿಯ ಸಲಹೆಗಳು. ಯಾವುದಕ್ಕೂ ನೋವು ಜಗ್ಗದಿದ್ದಾಗ ನಮ್ಮ ಹಳೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ದೇಶಪಾಂಡೆ ನಗರದ ಸ್ಕ್ಯಾನಿಂಗ್ ಕೇಂದ್ರವೊಂದಕ್ಕೆ ಚೀಟಿ ಬರೆದುಕೊಟ್ಟರು. ರಾತ್ರಿ ಹಗುರವಾಗಿ ಉಣ್ಣಬೇಕು, ಮುಂಜಾನೆ ಏನೂ ತಿನ್ನದೆ ಹೋಗಬೇಕು ಎಂದರು. ಯಾಕೆಂದು ಹೇಳಲಿಲ್ಲ. ಅವರ ಬಾಗಿಲ ಹೊರಗೆ ಇನ್ನೂ ಹದಿನೈದು ಜನ ಕೆಮ್ಮುತ್ತ ಕೂತಿದ್ದರು. ಕಾರಣ ಹೇಳುವ ಐಷಾರಾಮಕ್ಕೆ ಅವರಿಗೆ ಸಮಯವಿರಲಿಲ್ಲ.

ಹೆಂಡತಿಗೆ ಉಪವಾಸ ಹೊಸದಲ್ಲ. ಸೋಮವಾರ, ಸಂಕಷ್ಟಿ, ಏಕಾದಶಿ ಎಲ್ಲವನ್ನೂ ಲೀಲಾಜಾಲವಾಗಿ ನಿಭಾಯಿಸುವವಳು. ಆ ಅಪ್ಪಣೆ ಗಂಟಲಲ್ಲಿ ಸಿಕ್ಕಿಕೊಂಡದ್ದು ನನಗೆ.

"ಯಾಕ ತಿನಬಾರದು ಅಂತ ಹೇಳಿದ್ರೇನು?" ಎಂದೆ.

"ಇಲ್ಲ. ತಿನಬ್ಯಾಡ್ರಿ ಅಂದ್ರು, ಅಷ್ಟ."

"ಕಾರಣ ಇಲ್ಲದ್ದು ಕಟ್ಟಳೆ ಇರತೈತಿ, ವಿಜ್ಞಾನ ಅಲ್ಲ. ನಿನಗ ನೋವ ಯಾವಾಗ ಬರತೈತಿ?"

"ಉಂಡ ಮ್ಯಾಲ."

"ಹಂಗಾರ ಉಂಡ ಮ್ಯಾಲನ ನೋಡಬೇಕು. ಲೇಥ್ ಸಪ್ಪಳ ಮಾಡತೈತಿ ಅಂದ್ರ ಓಡಿಸಿ ನೋಡತೇವಿ, ಬಂದ್ ಮಾಡಿ ನೋಡೂದಿಲ್ಲ. ಮತ್ತ ಇಷ್ಟ ವರ್ಷದಾಗ ಒಂದ ಶಾಫ್ಟರೆ ಉಪಾಸ ಇಟ್ಟು ಪರೀಕ್ಷಾ ಮಾಡಿದ್ದು ನಾ ನೋಡಿಲ್ಲ."

"ನಾ ಶಾಫ್ಟ್ ಅಲ್ರಿ," ಎಂದಳು.

ಇಂದು ಆಲೋಚಿಸಿದರೆ, ಆ ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಅತ್ಯಂತ ವೈಜ್ಞಾನಿಕವಾದ ಮಾತು ಅದೇ. ಅಂದು ನನಗೆ ಅದು ಹೆಂಗಸರ ಮಾತಾಗಿ ಕೇಳಿಸಿತು.

ಮರುದಿನ ಮುಂಜಾನೆ ರಾಯಾಪುರದಿಂದ ಬಸ್ಸು ಹಿಡಿದು ಹುಬ್ಬಳ್ಳಿಯಲ್ಲಿ ಇಳಿದೆವು. ಕೇಂದ್ರದ ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಪಕ್ಕದ ಸಂದಿಯಲ್ಲಿ ಹೋಟೆಲೊಂದು ತೆರೆದಿತ್ತು. ನನ್ನ ಸಿದ್ಧಾಂತ ಮತ್ತು ನನ್ನ ಹಸಿವು ಒಂದೇ ಕಡೆಗೆ ಕೈ ತೋರಿಸಿದವು. ಎರಡು ಪ್ಲೇಟು ಒಗ್ಗರಣೆ ಅವಲಕ್ಕಿ, ಅದರ ಮೇಲೆ ಎರಡೆರಡು ಮಿರ್ಚಿ ಭಜಿ, ಹಿಂದಿನಿಂದ ಚಹಾ ಹೇಳಿದೆ. ಅವಳು ಬೇಡವೆಂದಳು. ನಾನು ಲೇಥಿನ ಉದಾಹರಣೆಯನ್ನು ಇನ್ನೊಮ್ಮೆ ಕೊಟ್ಟೆ. ಅವಳು ತಿಂದಳು. ನನ್ನೊಡನೆ ವಾದಿಸುವುದಕ್ಕಿಂತ ತಿಂದು ಮುಗಿಸುವುದು ಸುಲಭವೆಂದು ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಕಂಡುಕೊಂಡಿದ್ದಳು.

ಕೇಂದ್ರದ ಮೇಜಿನ ಹಿಂದೆ ನಡುವಯಸ್ಸಿನ ಗೃಹಸ್ಥರೊಬ್ಬರು ಹೆಸರು ಬರೆದುಕೊಳ್ಳುತ್ತಿದ್ದರು. ಚೀಟಿ ನೋಡಿ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ನನ್ನ ಮುಂದಿದ್ದ ಮನುಷ್ಯ ಕಲಘಟಗಿಯ ಕಡೆಯಿಂದ ಬಂದವನು.

"ಬರೇ ಹೊಟ್ಟಿಲೆ ಬಂದೀರೇನ್ರಿ?"

"ಹೌದ್ರಿ. ಒಂದ ಕಪ್ ಚಾ ಅಷ್ಟ ಕುಡದೇನಿ. ಹಾಲಿನ ಚಾ."

"ಹಂಗಾರ ನಾಳೆ ಬರ್ರಿ."

"ಸಾಹೇಬ್ರ, ಕಲಘಟಗಿಂದ..."

"ನಾಳೆನೂ ಕಲಘಟಗಿಂದನ ಬರ್ರಿ, ಆದ್ರ ಚಾ ಬಿಟ್ಟ ಬರ್ರಿ."

ಆತ ಚೀಟಿ ಮಡಚಿಕೊಂಡು ಹೊರಟ. ನಿಜ ಹೇಳಿದವನಿಗೆ ಹಿಂದಿರುಗುವ ಬಸ್ಸು, ಹೇಳದವನಿಗೆ ನಂಬರು ಎಂಬ ವ್ಯವಸ್ಥೆ ನನಗೆ ಆ ಕ್ಷಣ ಬೆಳಕಿನಷ್ಟು ಸ್ಪಷ್ಟವಾಯಿತು. ಪ್ರಶ್ನೆ ನನ್ನ ಬಳಿಗೆ ಬಂದಾಗ ನನ್ನ ಬಾಯಿ "ಹೌದ್ರಿ" ಎಂದಿತು. ಪಕ್ಕದಲ್ಲಿ ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಒಳಗಿನ ಪಡಸಾಲೆಯಲ್ಲಿ ಎರಡು ಪಂಗಡಗಳಿದ್ದವು. ಮೇಲ್‌ಹೊಟ್ಟೆಯ ಪಂಗಡ ಹಸಿದು ಕೂತಿತ್ತು. ಕೆಳಹೊಟ್ಟೆಯ ಪಂಗಡ ತಂಬಿಗೆಗಟ್ಟಲೆ ನೀರು ಕುಡಿದು, ಮೂತ್ರ ಹಿಡಿದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿತ್ತು. ಮೂತ್ರಕೋಶ ತುಂಬಿದರೆ ಗಾಳಿ ತುಂಬಿದ ಕರುಳು ಅತ್ತ ಸರಿಯುತ್ತದೆ, ನೀರಿನೊಳಗಿಂದ ಶಬ್ದ ಸರಾಗ ಹಾಯ್ದು ಹಿಂದಿನದನ್ನು ತೋರಿಸುತ್ತದೆ ಎಂಬ ಸಾದಾ ಕಾರಣವನ್ನು ಅವರಿಗೂ ಯಾರೂ ಹೇಳಿರಲಿಲ್ಲ. ಒಬ್ಬರು ತಮ್ಮ ಪಾಳಿಗೆ ಇನ್ನು ಇಬ್ಬರಿದ್ದಾಗ ಸೋತು ಹಿಂದಿನ ಬಾಗಿಲಿಗೆ ಓಡಿದರು. ಮರಳಿ ಬಂದಾಗ ಅವರ ಮುಖದಲ್ಲಿ ಮುಕ್ತಿಯೂ ಕೈಯಲ್ಲಿ ಹೊಸ ನೀರಿನ ಬಾಟಲಿಯೂ ಇದ್ದವು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂಬುದನ್ನು ಇಲ್ಲಿ ತಿಳಿಸುವುದಿಲ್ಲ, ಅದು ಅಪರಾಧ ಎಂದು ಗೋಡೆಯ ಮೇಲೆ ಫಲಕವಿತ್ತು. ಹಿರಿಯ ಹೆಂಗಸೊಬ್ಬರು ಅದನ್ನು ಗಟ್ಟಿಯಾಗಿ, ಒಂದು ಅಕ್ಷರ ತಪ್ಪದೆ ಓದಿ ಮುಗಿಸಿ, ನೇರ ಮೇಜಿನ ಹತ್ತಿರ ಹೋಗಿ, "ಅದು ಮಂದೀಗೆ ಆತ್ರಿ. ನಮಗ ಏನ ಹೇಳತೀರಿ?" ಎಂದು ಕೇಳಿದರು. ಓದು ಬಂದವರೆಲ್ಲ ಓದಿದ್ದನ್ನು ತಮಗೆ ಹೇಳಿದ್ದೆಂದು ತಿಳಿಯುವುದಿಲ್ಲ. ಹಾಗೆಂದು ನಾನು ಆ ಹೆಂಗಸಿನ ಬಗ್ಗೆ ಮನಸ್ಸಿನಲ್ಲೇ ಟೀಕೆ ಮಾಡುತ್ತಿದ್ದಾಗ ನನ್ನ ಅಂಗಿಯ ಮೇಲೆ ಭಜಿಯ ಎಣ್ಣೆಯ ಕಲೆಯಿತ್ತು.

ನಮ್ಮ ಪಾಳಿ ಬಂತು. ಪರದೆ ಚೆನ್ನಾಗಿ ಕಾಣಲೆಂದು ಕೋಣೆಯನ್ನು ಮಬ್ಬಾಗಿ ಇಟ್ಟಿದ್ದರು. ಡಾಕ್ಟರಬಾಯಿಯವರು ಹೆಂಡತಿಯ ಹೊಟ್ಟೆಗೆ ಅಂಟು ಸವರಿ, ಕೈಯಲ್ಲಿದ್ದ ಸಾಧನವನ್ನು ಪಕ್ಕೆಲುಬಿನ ಕೆಳಗೆ ಓರೆಯಾಗಿ ಒತ್ತಿದರು. "ಉಸರು ತಗೋರಿ, ಹಿಡೀರಿ... ಬಿಡ್ರಿ. ಎಡಕ್ಕ ಹೊಳ್ರಿ. ಮತ್ತೊಮ್ಮೆ ಉಸರು ತಗೋರಿ." ಯಂತ್ರ ತಾನಾಗಿ ಏನನ್ನೂ ಹುಡುಕುವುದಿಲ್ಲ, ಆ ಕೈ ಎಲ್ಲಿ ಹೋಗುತ್ತದೋ, ಎಷ್ಟು ಓರೆಯಾಗುತ್ತದೋ, ಆ ಕಣ್ಣು ಏನನ್ನು ಗುರುತಿಸುತ್ತದೋ ಅಷ್ಟೇ ಪರೀಕ್ಷೆ. ಆ ಕೈ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂತು.

"ಅವ್ವಾರ, ಮುಂಜಾನೆ ಏನರೆ ತಿಂದೀರೇನ್ರಿ?"

ಹೆಂಡತಿ ಬಾಯಿ ತೆರೆದಳು. ಉತ್ತರ ನಾನು ಕೂತಿದ್ದ ಕುರ್ಚಿಯಿಂದ ಹೊರಟಿತು. "ಇಲ್ರಿ. ರಾತ್ರಿಯಿಂದ ಬರೇ ಹೊಟ್ಟಿ."

"ನಾ ಅವರನ್ನ ಕೇಳಿದೆ."

"ಅವರದೂ ನಂದೂ ಒಂದ ಮಾತ್ರಿ."

ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಡಾಕ್ಟರಬಾಯಿಯವರು ಪರದೆಯನ್ನು ಇನ್ನೊಂದಿಷ್ಟು ಹೊತ್ತು ನೋಡಿ, "ಖರೇನ ಏನೂ ತಿಂದಿಲ್ಲಲ್ರಿ?" ಎಂದು ಮತ್ತೊಮ್ಮೆ ಕೇಳಿದರು. ನಾನು ಮತ್ತೊಮ್ಮೆ ಹೇಳಿದೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವವರಿಗೆ ನೆನಪಿನ ಶಕ್ತಿ ಕಡಿಮೆಯೆಂದು ಒಳಗೊಳಗೇ ತೀರ್ಮಾನಿಸಿದೆ.

ಸಂಜೆ ವರದಿ ಕೈಗೆ ಬಂತು. ನಿಘಂಟು ತೆರೆದು ಕೂತು ಶಬ್ದಶಬ್ದವನ್ನೂ ಕನ್ನಡಕ್ಕೆ ತಂದೆ: ಉಪವಾಸದಲ್ಲಿರುವ ರೋಗಿಯಲ್ಲಿ ಪಿತ್ತಕೋಶ ಕುಗ್ಗಿದಂತಿದೆ, ಅದರ ಗೋಡೆ ದಪ್ಪವಾದಂತಿದೆ, ಬಹುಕಾಲದ ಬಾವು ಇರಬಹುದು, ರೋಗಿಯ ಲಕ್ಷಣಗಳೊಡನೆ ಹೋಲಿಸಿ ನೋಡಬೇಕು. ಜೊತೆಗೆ ಒಂದು ಫಿಲ್ಮು. ನಮ್ಮಲ್ಲಿ ರೋಗಿಯನ್ನು ನೋಡಲು ಬಂದವರು ರೋಗಿಯನ್ನು ನೋಡುವ ಮೊದಲು ಫಿಲ್ಮನ್ನು ನೋಡುವುದು ಪದ್ಧತಿ. ಎಲ್ಲರೂ ಸರತಿಯಂತೆ ಅದನ್ನು ಕಿಟಕಿಗೆ ಹಿಡಿದರು, ಹುಬ್ಬು ಗಂಟಿಕ್ಕಿದರು, ತಲೆಯಾಡಿಸಿದರು. "ಮಳಿಗಾಲದಾಗಿನ ಟೀವಿ ಇದ್ದಂಗ ಐತಲ್ರಿ," ಎಂದ ಗಿರಣಿಯ ಯಜಮಾನರೇ ಒಂದು ನಿಮಿಷದ ಮೇಲೆ ಅದರಲ್ಲಿ ಹರಳನ್ನು ಪತ್ತೆ ಮಾಡಿದರು. ಅವರು ಬೆರಳಿಟ್ಟು ತೋರಿಸಿದ್ದು ಅಂಚಿನಲ್ಲಿ ಅಚ್ಚಾಗಿದ್ದ ತಾರೀಖನ್ನು.

ವರದಿ ಹಿಡಿದು ಶಸ್ತ್ರಚಿಕಿತ್ಸಕರ ಬಳಿ ಹೋದೆವು. ಅವರು ಓದಿದರು, ಹೊಟ್ಟೆ ಒತ್ತಿದರು, ಹೆಂಡತಿ ನೋವೆಂದಳು. "ಬರೇ ಹೊಟ್ಟಿಲೆ ಇದ್ದಾಗೂ ಚೀಲ ಇಷ್ಟ ಸಣ್ಣ ಆಗೇದ, ಗ್ವಾಡಿ ದಪ್ಪ ಆಗೇದ. ಇದು ಭಾಳ ದಿನದ ಬಾವು. ತಗದ ಹಾಕೂದು ಛಲೋ," ಎಂದು ಹನ್ನೆರಡು ದಿನಗಳ ಮುಂದಿನ ಗುರುವಾರಕ್ಕೆ ಗೊತ್ತು ಮಾಡಿದರು. ಆಗ ಅದು ಹೊಟ್ಟೆಯನ್ನು ಒಂದು ಗೇಣು ತೆರೆದು ಮಾಡುವ ಕೆಲಸ.

ಹೆಂಡತಿ ಅಳಲಿಲ್ಲ. ಮನೆಗೆ ಬಂದ ಮೇಲೆ ಡಬ್ಬಿಗಳನ್ನು ಕೆಳಗಿಳಿಸಿ ಒಂದೊಂದನ್ನೇ ನನಗೆ ಪರಿಚಯಿಸತೊಡಗಿದಳು. ಇದು ತೊಗರಿಬೇಳೆ, ಇದು ಹೆಸರು, ಇದರಲ್ಲಿ ಮಸಾಲೆಪುಡಿ, ಹಾಲಿನವನಿಗೆ ಹೀಗೆ ಹೇಳಬೇಕು. ಹೆಣ್ಣುಮಕ್ಕಳು ಹೀಗೆ ಡಬ್ಬಿ ತೋರಿಸುವುದರ ಅರ್ಥ ನನಗೂ ತಿಳಿಯುತ್ತದೆ. ನಾಲ್ಕನೆಯ ದಿನ ಅಕ್ಕಿ ಆರಿಸುತ್ತ, ತಲೆಯೆತ್ತದೆ, "ಅವತ್ತ ಅವಲಕ್ಕಿ ತಿಂದದ್ದು ಹೇಳಿದ್ದರ ಛಲೋ ಇತ್ತೇನ್ರಿ?" ಎಂದಳು.

"ಅವಲಕ್ಕಿಗೂ ಪಿತ್ತಕೋಶಕ್ಕೂ ಏನ ಸಂಬಂಧ?"

"ನನಗೇನ ಗೊತ್ತ. ನೀವ ಓದಿದವರು."

ಸಂಬಂಧ ಇಲ್ಲವೆಂದು ಸಾಧಿಸಿ ತೋರಿಸಲೆಂದೇ ಮರುದಿನ ಗ್ರಂಥಾಲಯಕ್ಕೆ ಹೋದೆ. ಮನುಷ್ಯ ಶರೀರದ ಮೇಲಿನ ದಪ್ಪ ಪುಸ್ತಕವೊಂದನ್ನು ತೆಗೆದು ಪಿತ್ತಕೋಶದ ಪುಟ ಹುಡುಕಿದೆ. ನನ್ನನ್ನು ಮುಗಿಸಲು ಒಂದೇ ಪರಿಚ್ಛೇದ ಸಾಕಾಯಿತು. ಉಪವಾಸವಿದ್ದಾಗ ಪಿತ್ತಕೋಶ ಪಿತ್ತರಸ ತುಂಬಿಕೊಂಡು ಉಬ್ಬಿರುತ್ತದೆ. ತಿಂದ ಮೇಲೆ, ಮುಖ್ಯವಾಗಿ ಎಣ್ಣೆ ತುಪ್ಪದ ಪದಾರ್ಥ ತಿಂದ ಮೇಲೆ, ಅದು ಹಿಂಡಿದಂತೆ ಕುಗ್ಗಿ ರಸವನ್ನೆಲ್ಲ ಕರುಳಿಗೆ ಸುರಿಯುತ್ತದೆ. ಅದೇ ಅದರ ಉದ್ಯೋಗ. ತುಂಬಿದ ಜೋಳದ ಚೀಲದ ಬಟ್ಟೆ ಬಿಗಿದು ತೆಳ್ಳಗೆ ಕಾಣುತ್ತದೆ. ಬರಿದಾದ ಚೀಲ ಮುದುಡಿ ದಪ್ಪಗೆ ಬೀಳುತ್ತದೆ. ಚೀಲಕ್ಕೆ ಏನೂ ಆಗಿರುವುದಿಲ್ಲ. ನನ್ನ ಹೆಂಡತಿಯ ಪಿತ್ತಕೋಶ ಎರಡು ಮಿರ್ಚಿ ಭಜಿಗೆ ತಕ್ಕ ಮರ್ಯಾದೆಯನ್ನು ನಿಷ್ಠೆಯಿಂದ ಸಲ್ಲಿಸಿತ್ತು. ಅದನ್ನು ನಾನು ರೋಗವೆಂದು ಬರೆಯಿಸಿದ್ದೆ. ಗುರುವಾರ ಅದನ್ನು ಕೊಯ್ದು ತೆಗೆಯುವವರಿದ್ದರು.

ಊರವರು ಹೇಳಿದ ಯಾವ ಮಾತನ್ನೂ ಒರೆಗೆ ಹಚ್ಚದೆ ಒಪ್ಪದವನು ನಾನು. ಈ ಪ್ರಕರಣದಲ್ಲಿ ಎಲ್ಲರೂ, ಯಂತ್ರವೂ, ವರದಿಯೂ, ಶಸ್ತ್ರಚಿಕಿತ್ಸಕರೂ, ನಂಬಿ ಕೆಟ್ಟದ್ದು ನನ್ನ ಮಾತನ್ನು.

ಇಷ್ಟು ತಿಳಿದ ಮೇಲೆ ಮರ್ಯಾದಸ್ಥನು ಏನು ಮಾಡಬೇಕೆಂಬುದು ಸ್ಪಷ್ಟವಿದೆ. ನಾನು ಮಾಡಿದ್ದು ಬೇರೆ. ಮರುದಿನ ಒಬ್ಬನೇ ದೇಶಪಾಂಡೆ ನಗರಕ್ಕೆ ಹೋಗಿ, ಡಾಕ್ಟರಬಾಯಿಯವರ ಮುಂದೆ ವರದಿಯನ್ನಿಟ್ಟು, ಎರಡು ಪಕ್ಷಗಳ ನಡುವಿನ ನ್ಯಾಯಾಧೀಶನ ಧ್ವನಿಯಲ್ಲಿ, "ಬಾಯಾರ, ನಿಮ್ಮ ಮಷೀನ್ ಒಮ್ಮೆ ತಪಾಸ ಮಾಡಸ್ರಿ. ನನಗ್ಯಾಕೋ ಅದರ ಮ್ಯಾಲೆ ಸಂಶಯ," ಎಂದೆ.

"ಏನ ಸಂಶಯರಿ?"

"ತಿಂದವರ ಪಿತ್ತಕೋಶ ಹೆಂಗಿರತೈತೋ ಹಂಗ ತೋರಸೈತಿ."

ಅವರು ಪೆನ್ನು ಕೆಳಗಿಟ್ಟರು. "ತಿಂದಿದ್ರೇನ್ರಿ?"

ನಾನು ಮೇಜಿನ ಅಂಚನ್ನು ಉಗುರಿನಿಂದ ಕೆರೆದೆ. "ಅವಲಕ್ಕಿ ಒಂದೀಟ."

"ಒಂದೀಟ ಅಂದ್ರ?"

"ಒಂದ ಪ್ಲೇಟ್."

"ಅಷ್ಟನ?"

"ಎರಡ ಮಿರ್ಚಿ."

"ಚಾ?"

"ಚಾನೂ."

"ಮತ್ತ ಆ ಹೋಟೆಲ್ದಾಗ ಏನರೆ ಉಳದದೋ ಇಲ್ಲೋ?" ಎಂದರು. ನಗಲಿಲ್ಲ. "ಯಜಮಾನ್ರ, ನೀವು ಮಷೀನ್ ಪರೀಕ್ಷಾ ಮಾಡಾಕ ಬಂದಿದ್ರೋ, ಅವ್ವಾರನ್ನ ಪರೀಕ್ಷಾ ಮಾಡಸಾಕ ಬಂದಿದ್ರೋ? ನನಗ ಅವತ್ತನ ಅನುಮಾನ ಇತ್ತು, ಅದಕ್ಕ ಎರಡ ಸರ್ತಿ ಕೇಳಿದೆ. ತಿಂದೇವಿ ಅಂದಿದ್ದರ ಮರುದಿನ ಬರ್ರಿ ಅಂತಿದ್ದೆ, ಕೆಲಸ ಮುಗೀತಿತ್ತು. ಪರದೆ ಮ್ಯಾಲ ಕಂಡದ್ದು ಅರ್ಧ; ಉಳದ ಅರ್ಧ ನೀವ ಹೇಳಿದ್ದರ ಮ್ಯಾಲ ಬರೀತೇವ್ರಿ ನಾವು."

ಯಾಕೆ ತಿನ್ನಬಾರದೆಂದು ಯಾರೂ ಹೇಳಲಿಲ್ಲವೆಂಬ ನನ್ನ ಹಳೆಯ ದೂರನ್ನು ಮುಂದಿಟ್ಟೆ. "ಅದು ನಮ್ಮ ತಪ್ಪು, ಹೇಳಬೇಕಿತ್ತು," ಎಂದು ಅವರು ತಕ್ಷಣ ಒಪ್ಪಿಕೊಂಡರು. "ಆದ್ರ ನೀವೂ ಕೇಳಬೇಕಿತ್ತಲ್ಲ? ಗೊತ್ತಿಲ್ಲದ್ದನ್ನ ಕೇಳೂದ ಬಿಟ್ಟು ಗೊತ್ತದ ಅಂತ ತಿಂದ್ರಿ." ವಾದದಲ್ಲಿ ಎದುರಾಳಿ ತನ್ನ ತಪ್ಪನ್ನು ಒಪ್ಪಿಕೊಂಡುಬಿಟ್ಟರೆ ಹಟಮಾರಿಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸಕರಿಗೆ ಇದನ್ನು ನೀವೇ ಹೋಗಿ ಹೇಳಬೇಕು, ಇವತ್ತೇ ಹೇಳಬೇಕು ಎಂದು ಕಳುಹಿಸಿದರು.

ಹೇಳಿದೆ. ಅವರು ಕೊನೆಯವರೆಗೆ ಕೇಳಿ, ಗುರುವಾರದ ಪಟ್ಟಿಯಲ್ಲಿದ್ದ ಹೆಸರಿನ ಮೇಲೆ ಗೆರೆಯೆಳೆದು, "ನಿಮ್ಮ ಎರಡ ಮಿರ್ಚಿ ಸಲುವಾಗಿ ನಾ ಒಬ್ಬಾಕಿ ಹೊಟ್ಟಿ ಕೊಯ್ತಿದ್ದೆ ನೋಡ್ರಿ," ಎಂದಷ್ಟೇ ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಎಲ್ಲಕ್ಕಿಂತ ಕಷ್ಟದ ನಿವೇದನೆ ಮನೆಯಲ್ಲಿತ್ತು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪುಸ್ತಕದ ಪರಿಚ್ಛೇದದಿಂದ ಹಿಡಿದು ಗುರುವಾರದ ಗೆರೆಯವರೆಗೆ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಅವಳು ಅದನ್ನು ತೆಗೆದು ಬದಿಗಿಟ್ಟಳು.

"ಅಂದ್ರ ಗುರುವಾರ ಇಲ್ಲ?"

"ಇಲ್ಲ."

"ವಾರ ಆತು, ನಾ ಕಣ್ಣಿಗೆ ಕಣ್ಣ ಹಚ್ಚಿಲ್ಲ," ಎಂದಳು. ಹೊಸ ರೊಟ್ಟಿ ಹಂಚಿಗೆ ಹಾಕಿ, "ಆ ಸೀದ ರೊಟ್ಟಿ ನಿಮ್ಮ ತಾಟಿಗೆ," ಎಂದಳು. ನಾನು ಕಾರಣ ಕೇಳದೆ ತಿಂದೆ.

ಎರಡನೆಯ ಸಲ ಹೋಗುವ ಮುಂಜಾನೆ ಅವಳು ನೀರನ್ನೂ ಗುಟುಕಷ್ಟೇ ಕುಡಿದಳು. ನಾನೂ ಪ್ರಾಯಶ್ಚಿತ್ತವೆಂಬಂತೆ ಹಸಿದು ಕೂತೆ. "ನೀವರೆ ತಿನ್ರಿ, ನಿಮ್ಮನ್ನ ಯಾರೂ ಒತ್ತಿ ನೋಡೂದಿಲ್ಲ," ಎಂದಳು. ಮೇಜಿನ ಗೃಹಸ್ಥರು ಎಂದಿನ ಪ್ರಶ್ನೆ ಕೇಳಿದಾಗ ಅವಳೇ ಮುಂದೆ ಸರಿದು, ನಿನ್ನೆ ರಾತ್ರಿ ಎಂಟಕ್ಕೆ ಅರ್ಧ ರೊಟ್ಟಿ, ಆಮೇಲೆ ಏನೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದಳು. ನನ್ನನ್ನು ಹೊರಗೆ ಕೂಡಿಸಿದರು. ತುಸು ಹೊತ್ತಿನ ಮೇಲೆ ಡಾಕ್ಟರಬಾಯಿಯವರು ಒಳಗೆ ಕರೆದು ಪರದೆ ತೋರಿಸಿದರು. ಪೇರಲ ಹಣ್ಣಿನಂಥ ಕಪ್ಪು ಆಕಾರ, ಸುತ್ತ ಕೂದಲೆಳೆಯಂಥ ಬಿಳಿ ಅಂಚು. ಹರಳಿಲ್ಲ, ಬಾವಿಲ್ಲ. ನಾನು ತೆಗೆಯಿಸಲು ಹೊರಟಿದ್ದ ವಸ್ತು ಅಷ್ಟು ಅಚ್ಚುಕಟ್ಟಾಗಿತ್ತು. ನನ್ನ ಕೈಯಿಂದ ಎಂದೂ ಅಷ್ಟು ನುಣುಪಾದ ತುಂಡು ಲೇಥಿನಿಂದ ಇಳಿದಿರಲಿಲ್ಲ.

"ಹಂಗಾರ ನೋವು ಸುಳ್ಳೇನ್ರಿ?" ಎಂದು ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು.

"ನೋವು ಖರೇನ ಅದರಿ. ಇದರಾಗ ಎಲ್ಲಾ ಕಾಣೂದಿಲ್ಲ. ಜಠರದಾಗ, ಕರಳದಾಗ ಗಾಳಿ ಇರತದ. ಗಾಳಿ ಇದ್ದಲ್ಲೆ ನಮ್ಮ ಮಷೀನ್ ಕುರಡು. ಛಲೋ ವರದಿ ಬಂತಂತ ಸುಮ್ನ ಕುಂದರಬ್ಯಾಡ್ರಿ," ಎಂದು ಇನ್ನೊಬ್ಬ ಡಾಕ್ಟರಿಗೆ ಚೀಟಿ ಬರೆದರು. ವರದಿ ಶುದ್ಧವಾಗಿ ಬಂದರೆ ರೋಗಿಯನ್ನೇ ಸುಳ್ಳುಗಾರನೆಂದು ತೀರ್ಮಾನಿಸುವ ಮನೆಗಳನ್ನು ಆಮೇಲೆ, ಎರಡು ಸಾವಿರದ ಈಚೆಗೆ ಮೂಲೆಮೂಲೆಗೂ ಸ್ಕ್ಯಾನಿಂಗ್ ಕೇಂದ್ರಗಳು ಬಂದ ಕಾಲದಲ್ಲಿ, ನಾನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆಲ್ಲ ಈ ಮಾತನ್ನು ಒಪ್ಪಿಸಿದ್ದೇನೆ; ಎಂದಿನಂತೆ ಯಾರೂ ನಂಬಿಲ್ಲ.

ಗಂಟಲಿನಿಂದ ಕೊಳವೆ ಇಳಿಸಿ ಜಠರವನ್ನು ನೋಡುವ ಆ ಡಾಕ್ಟರು ವಯಸ್ಸಾದವರು, ನಿಧಾನಿ. ಕೊಳವೆಯ ಮಾತು ಆಮೇಲೆ ಎಂದು ಹಾಳೆ ತೆಗೆದು ಪ್ರಶ್ನೆ ಶುರು ಮಾಡಿದರು. ನೋವು ಯಾವಾಗಿನಿಂದ, ಎಲ್ಲಿ, ಹೇಗೆ. "ಬ್ಯಾರೆ ಯಾವುದಕ್ಕರೆ ಗುಳಿಗಿ ತಗೋತೀರೇನ್ರಿ?"

"ಇಲ್ರಿ," ಎಂದೆ ನಾನು.

"ಹೌದ್ರಿ," ಎಂದಳು ಹೆಂಡತಿ.

ಡಾಕ್ಟರು ಇಬ್ಬರನ್ನೂ ನೋಡಿ, ತಮ್ಮ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಮೊಣಕಾಲು ನೋವಿಗೆ ಎಂಟು ತಿಂಗಳಿಂದ ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದು, ಮುಂಜಾನೆ ಎದ್ದಕೂಡಲೇ ನೀರಿನೊಡನೆ ನುಂಗುತ್ತಿದ್ದಳಂತೆ. ಒಂದೊಂದು ದಿನ ಎರಡು. ಮಾಸ್ತರರ ಹೆಂಡತಿಗೆ ಗೊತ್ತಿತ್ತು. ಅಂಗಡಿಯವನಿಗೆ ಗೊತ್ತಿತ್ತು. ಅದೇ ಮನೆಯಲ್ಲಿ ಉಣ್ಣುವ ನನಗೆ ಗೊತ್ತಿರಲಿಲ್ಲ.

"ಇದು ಆವಾಗನ ಹೇಳಬೇಕಿತ್ತಲ್ರಿ ಅವ್ವಾರ? ಮೂರ ಡಾಕ್ಟರನ್ನ ಕಂಡೀರಿ."

"ಕೇಳಿದ್ರು ಎಲ್ಲಾರೂ," ಎಂದಳು ಅವಳು. "ಆದ್ರ ಉತ್ತರ ಇವರ ಕೊಡತಿದ್ರು."

ಆಮೇಲೆ ಕೊಳವೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣು ಸಿಕ್ಕಿತು. ಆ ಗುಳಿಗೆ ನಿಂತಿತು, ಬೇರೆ ಔಷಧ ಬಂತು, ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ಆದರೆ ಆ ಮೊದಲ ದಿನ ಡಾಕ್ಟರ ಉಳಿದ ಪ್ರಶ್ನೆಗಳು ಇನ್ನೂ ಅರ್ಧ ಪುಟದಷ್ಟಿದ್ದವು. ಹೆಂಡತಿ ನನ್ನ ಕಡೆ ತಿರುಗಿ, "ನೀವು ಹೊರಗ ಕುಂದರ್ರಿ," ಎಂದಳು. ನಾನು ಎದ್ದು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಅವಳು ಬಹಳ ಹೊತ್ತು ಮಾತಾಡಿದಳು.